ನಮ್ಮ ಹಳ್ಳದ ಪೂಲು, ಅವರ ಉಕ್ಕಿನ ಸೇತುವೆ

ಮೊದಲನೇ ಫೋಟೋ ದೊಡ್ಡದು ಮಾಡಿ ನೋಡ್ರಿ. ಹಣಮಂತ ದೇವರ ಗುಡಿಯ ಹಿಂದಿನ ಗೋಡೆ ಅದು. ಗೋಡೆ ಮೇಲೆ ಒಂದು ಕಂದು ಗೆರೆ ಕಾಣ್ತದಲ್ಲ, ಅದನ್ನ ಯಾರೂ ಎಳೆದದ್ದಲ್ಲ. 2020ರ ಅಕ್ಟೋಬರ್ ಮಳೆಯಲ್ಲಿ ನಮ್ಮ ಹಳ್ಳದ ನೀರು ಅಲ್ಲಿತನಕ ಏರಿ, ಒಂದು ರಾತ್ರಿ ನಿಂತು, ಇಳಿದು ಹೋಯ್ತು. ಗುಡಿಯ ಮುಂದಿನ ಗೋಡೆಗೆ ವರ್ಷಾ ಜಾತ್ರೆಗೆ ಸುಣ್ಣ ಬೀಳ್ತದ. ಹಿಂದಿನ ಗೋಡೆ ಕಡೆ ಯಾರೂ ಹೋಗಲ್ಲ. ಹಂಗಾಗಿ ಗೆರೆ ಉಳಿದದ.

ಎರಡನೇ ಫೋಟೋ ನಮ್ಮ ಪೂಲಿಂದು. ದಕ್ಷಿಣದ ಕಡೆಯ ಫ್ರೆಂಡ್ಸ್‌ಗೆ ಹೇಳ್ತೀನಿ, ಇಜೇರಿ ಕಡೆ ಪೂಲು ಅಂದ್ರ ಸೇತುವೆ, ಹಿಂದಿ ಹೂವಲ್ಲ. ಸೇತುವೆ ಅನ್ನೋದೂ ದೊಡ್ಡ ಮಾತೇ. ಹಳ್ಳಕ್ಕೆ ಅಡ್ಡ ಮಣ್ಣು ಹಾಕಿ, ಕೆಳಗೆ ಮೂರು ಸಿಮೆಂಟ್ ಪೈಪ್ ಇಟ್ಟು, ಮೇಲೆ ಕಾಂಕ್ರೀಟ್ ಹಾಸಿದ್ದಾರೆ. ಬೇಸಿಗೆಯಲ್ಲಿ ಆ ಪೈಪಿನೊಳಗೆ ಕುರಿ ಮಲಗಿರ್ತಾವ. ಮಳೆಗಾಲದಲ್ಲಿ ಮೇಲಿನ ಹೊಲಗಳಿಂದ ತೊಗರಿ ಕಟಗಿ, ಹತ್ತಿ ಕಟಗಿ, ಜಾಲಿ ಕಂಟಿ ತೇಲಿ ಬಂದು ಪೈಪಿನ ಬಾಯಿಗೆ ಸಿಕ್ಕೊಂತಾವ. ಅಷ್ಟಾದಮೇಲೆ ಅದು ಪೂಲಲ್ಲ, ಒಡ್ಡು. ನೀರಿಗೆ ಮೇಲೆ ಹತ್ತಿ ಹರಿಯೋದು ಬಿಟ್ರ ಬೇರೆ ದಾರಿ ಇಲ್ಲ.

ಆ ವರ್ಷ ನಮ್ಮ ಕಾಕಾನ ಒಂದು ಎತ್ತು ಇದೇ ಪೂಲಿನ ಮೇಲೆ ಹೋಯ್ತು. ಸಂಜೀ ಮುಂದ ಬಂಡಿ ಹೊಡಕೊಂಡು ಬರ್ತಿದ್ದ. ನೀರು ಮೊಣಕಾಲತನಕ ಇತ್ತಂತ, ದಿನಾ ದಾಟೋ ದಾರಿ, ದಾಟ್ತೀನಿ ಅಂದ್ಕೊಂಡ. ಬಲಗಡೆ ಎತ್ತಿನ ಕಾಲು ಅಂಚಿಗೆ ಜಾರಿತು. ಕಾಕಾ ಜತ್ತಿಗಿ ಕೊಯ್ದು ಒಂದನ್ನ ಉಳಿಸಿಕೊಂಡ. ಇನ್ನೊಂದು ಮರುದಿನ ಎರಡು ಹೊಲದಾಚೆ ಜಾಲಿ ಕಂಟ್ಯಾಗ ಸಿಕ್ತು. ಉಳಿದ ಎತ್ತನ್ನ ಕಾಕಾ ಮುಂದಿನ ಸಂತಿಗೆ ಮಾರಿಬಿಟ್ಟ. ಜೋಡಿ ಮುರಿದ ಎತ್ತಿಗೆ ಮತ್ತೊಂದು ತಂದು ಹೂಡಿದ್ರ ಅದು ಹೆಗಲು ಕೊಡಲ್ಲ ಅಂತ ಹೇಳ್ತಾನ. ಖರೇ ಎಷ್ಟೋ ಗೊತ್ತಿಲ್ಲ. ಅವತ್ತಿನಿಂದ ಬಾಡಿಗೆ ಟ್ರ್ಯಾಕ್ಟರ್ ಹಚ್ಚಿಸ್ತಾನ.

ಈಗ ವಿಷಯಕ್ಕೆ ಬರ್ತೀನಿ. ಹೋದ ವರ್ಷ ಈ ಪೂಲು ಕಿತ್ತು ಹೊಸಾದು ಕಟ್ಟಬೇಕು ಅಂತ ತೀರ್ಮಾನ ಆಯ್ತು. ಊರಾಗ ಪೇಡೆ ಹಂಚಿದ್ರು. ಕಾಕಾ ಒಬ್ಬನೇ ಕೇಳಿದ್ದು, "ಹೊಸಾದು ಖರೇ, ಎಂಥಾದು?" ಯಾರಿಗೂ ಗೊತ್ತಿರಲಿಲ್ಲ. ಯಾವ ಕಚೇರಿ, ಯಾವ ಸಾಹೇಬರು ಅಂತ ಇಲ್ಲಿ ಬರೆಯಲ್ಲ. ಇದು ಒಬ್ಬರನ್ನ ಬೈಯೋ ಪೋಸ್ಟ್ ಅಲ್ಲ. ಆದರೆ ಕಾಕಾನ ಆ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ತು. ಅದಕ್ಕೆ ಕಾರಣ ಕಾಲೇಜಿನ ಒಂದು ಪ್ರೆಸೆಂಟೇಶನ್.

(ಮೂರನೇ ಫೋಟೋಗೆ ಸರಿಸ್ರಿ. ಲೈಬ್ರರಿಯಲ್ಲಿ ನಾನು ಬರಕೊಂಡ ನೋಟ್ಸು. ಕೈಬರಹಕ್ಕೆ ನಗಬ್ಯಾಡ್ರಿ.)

ರಾಜ್ಯಶಾಸ್ತ್ರದ ಕ್ಲಾಸಿಗೆ "ಸ್ಥಳೀಯ ಆಡಳಿತದ ನಿರ್ಧಾರವನ್ನು ಜನ ಪ್ರಶ್ನಿಸಿದ ಒಂದು ಉದಾಹರಣೆ" ತಗೊಂಡು ಹತ್ತು ನಿಮಿಷ ಮಾತಾಡಬೇಕಿತ್ತು. ನನಗೆ ಬಂದದ್ದು ಬೆಂಗಳೂರಿನ ಉಕ್ಕಿನ ಮೇಲ್ಸೇತುವೆ. 2016ರಲ್ಲಿ ನಾವೆಲ್ಲ ಕನ್ನಡ ಸಾಲಿಯಲ್ಲಿ ಮಗ್ಗಿ ಬಾಯಿಪಾಠ ಮಾಡ್ತಿದ್ದ ಕಾಲ. ಆಗಿನದು ನಿಮಗೂ ನೆನಪಿರಲಿಕ್ಕಿಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ.

ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 6.7 ಕಿಲೋಮೀಟರ್ ಉದ್ದ, ಆರು ಪಥ, ಪೂರ್ತಿ ಉಕ್ಕಿನದು. ವಿಮಾನ ನಿಲ್ದಾಣಕ್ಕೆ ಬೇಗ ಹೋಗಲಿಕ್ಕೆ. ಯೋಜನೆ ಬಿಡಿಎದು, ಅಂದ್ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ್ದು. ಮೊದಲು 1,350 ಕೋಟಿ ರೂಪಾಯಿ ಅಂದಿದ್ದರು. 2016ರ ಸೆಪ್ಟೆಂಬರ್ ಕೊನೆಗೆ ಸಚಿವ ಸಂಪುಟ ಒಪ್ಪಿಗೆ ಕೊಡೋ ಹೊತ್ತಿಗೆ ಅದು 1,791 ಕೋಟಿ ಆಗಿತ್ತು. ಬಿಡಿಎ ಲೆಕ್ಕದಲ್ಲೇ 812 ಮರ ಹೋಗೋದಿತ್ತು.

ಇಲ್ಲಿತನಕ ಇದು ದೊಡ್ಡ ಊರಿನ ದೊಡ್ಡ ಕತೆ. ನನ್ನನ್ನ ಹಿಡಿದು ನಿಲ್ಲಿಸಿದ್ದು ಬೇರೆ ಒಂದು ಸಣ್ಣ ವಿಷಯ. ಜನರ ಅಭಿಪ್ರಾಯ ಕೇಳಿದ್ದೀವಿ, 73 ಶೇಕಡಾ ಮಂದಿ ಬೇಕು ಅಂದಿದ್ದಾರೆ ಅಂತ ಪ್ರಾಧಿಕಾರ ಹೇಳಿತು. ಎಷ್ಟು ಜನರಲ್ಲಿ 73 ಶೇಕಡಾ? ಬಂದದ್ದು 299 ಇಮೇಲ್. ಅಷ್ಟು ದೊಡ್ಡ ಊರಿನಾಗ 299! ನಮ್ಮ ಜಾತ್ರೆಯ ಪ್ರಸಾದದ ಸಾಲಿನಲ್ಲೇ ಅದಕ್ಕಿಂತ ಹೆಚ್ಚು ಮಂದಿ ನಿಂತಿರ್ತಾರ.

ಜನ ಏನು ಮಾಡಿದ್ರು? 2016ರ ಅಕ್ಟೋಬರ್ 16, ಭಾನುವಾರ. ಸಾವಿರಾರು ಜನ ಆ ರಸ್ತೆಯ ಉದ್ದಕ್ಕೂ ಕೈ ಕೈ ಹಿಡಿದು ಮಾನವ ಸರಪಳಿ ಮಾಡಿ ನಿಂತರು. ಘೋಷಣೆ ಒಂದೇ: ಸ್ಟೀಲ್ ಫ್ಲೈಓವರ್ ಬೇಡ. ರಂಗಕರ್ಮಿ ಪ್ರಕಾಶ್ ಬೆಳವಾಡಿ ಅಂಥವರು ಮುಂದೆ ನಿಂತಿದ್ದರು. ಸಿಟಿಜನ್ಸ್ ಫಾರ್ ಬೆಂಗಳೂರು ಅನ್ನೋ ಗುಂಪು ಗಟ್ಟಿಯಾದದ್ದೇ ಈ ಹೋರಾಟದಲ್ಲಿ. ಬರೀ ಬೀದಿಯಲ್ಲಿ ನಿಲ್ಲಲಿಲ್ಲ ಅವರು, ಕಾಗದ ಹಿಡಿದು ಕೋರ್ಟಿಗೂ ಹೋದರು. ಅಕ್ಟೋಬರ್ 28ಕ್ಕೆ ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಕೆಲಸಕ್ಕೆ ತಾತ್ಕಾಲಿಕ ತಡೆ ಕೊಟ್ಟಿತು. ಹೈಕೋರ್ಟಿನಲ್ಲಿ ಎತ್ತಿದ ಒಂದು ಪ್ರಶ್ನೆ ನಮ್ಮ ಸಿಲೆಬಸ್‌ನಲ್ಲೇ ಇದೆ: ಸಂವಿಧಾನದ 74ನೇ ತಿದ್ದುಪಡಿ ಪ್ರಕಾರ ಇಷ್ಟು ದೊಡ್ಡ ಊರಿಗೆ ಒಂದು ಮಹಾನಗರ ಯೋಜನಾ ಸಮಿತಿ ಇರಬೇಕು. ಅದರ ಮುಂದೆ ಇಡದೆ ಇಂಥ ಯೋಜನೆ ಹೆಂಗ ಮಾಡ್ತೀರಿ? ನಾವು ಪರೀಕ್ಷೆಗೆ ಐದು ಅಂಕಕ್ಕೆ ಬರೆದು ಮರೆಯೋ ಕಲಂ ಒಂದು 1,791 ಕೋಟಿಯನ್ನ ತಡವಿತು ನೋಡ್ರಿ.

2017ರ ಮಾರ್ಚ್ 2ಕ್ಕೆ ಸರ್ಕಾರ ಯೋಜನೆ ಕೈಬಿಟ್ಟಿತು. ಆ ಹೊತ್ತಿಗೆ ವಿರೋಧ ಪಕ್ಷದವರು ಲಂಚದ ಆರೋಪ ಮಾಡಿದ್ದರು, ಸರ್ಕಾರ ಅಲ್ಲಗಳೆದಿತ್ತು, ರಾಜಕೀಯ ಜೋರಾಗಿತ್ತು. ಆದ್ದರಿಂದ ಬರೀ ಜನ ಕೈ ಹಿಡಿದಿದ್ದಕ್ಕೇ ನಿಂತಿತು ಅಂತ ನಾನು ಹೇಳಲ್ಲ. 2019ರ ಜನವರಿಯಲ್ಲಿ ಅದೇ ಯೋಜನೆಗೆ ಮತ್ತೆ ಜೀವ ಕೊಡೋ ಮಾತೂ ಬಂತು, ಮತ್ತೆ ವಿರೋಧ ಆಯ್ತು. ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುಮಾರು 17 ಕಿಲೋಮೀಟರ್ ಸುರಂಗ ರಸ್ತೆ ಅಂತಿದ್ದಾರೆ. ಅದಕ್ಕೂ ಬೇಡ ಅನ್ನೋರಿದ್ದಾರೆ. ನಮ್ಮೂರಿನ ಹುಡುಗರು ಎಷ್ಟೋ ಜನ ಬೆಂಗಳೂರಿನಲ್ಲಿ ಕ್ಯಾಬ್ ಓಡಿಸ್ತಾರ. ಹೆಬ್ಬಾಳ ಅಂದ್ರ ಸಾಕು, ಅವರಿಗೆ ಬೈಗುಳ ಬರ್ತದ. "ಬ್ಯಾಡ ಅಂದವರು ಎಲ್ಲಾ ಮನ್ಯಾಗ ಕೂತಾರ, ಜಾಮಿನಾಗ ಕೂಡೋರು ನಾವು," ಅಂತ ಒಬ್ಬ ಅಣ್ಣ ನನಗೆ ಫೋನಿನಲ್ಲಿ ಹೇಳಿದ. ಆ ಮಾತನ್ನೂ ಪ್ರೆಸೆಂಟೇಶನ್‌ನಲ್ಲಿ ಹಾಕಿದ್ದೆ. ಲೆಕ್ಚರರ್ ಮೆಚ್ಚಿದ್ದು ಅದೊಂದೇ ಸ್ಲೈಡು.

ನನಗೆ ಹೆಚ್ಚು ಹಿಡಿಸಿದ್ದು ಅದರ ಮುಂದಿನ ಕತೆ. ಬೇಡ ಅಂದ ಅದೇ ಜನ ಎರಡು ತಿಂಗಳಿಗೆ, 2016ರ ಡಿಸೆಂಬರ್‌ನಲ್ಲಿ, ಚುಕುಬುಕು ಬೇಕು ಅಂತ ಉಪನಗರ ರೈಲಿಗಾಗಿ ಮತ್ತೆ ಬಂದು ನಿಂತರು. ಆಮೇಲೆ ಬಸ್ ಬೇಕು ಅಂತ ನಿಂತರು. ಬೇಡ ಅಂದವರೇ ಏನು ಬೇಕು ಅಂತಾನೂ ಹೇಳಿದರು.

ಕ್ಲಾಸಿನಲ್ಲಿ ಚಪ್ಪಾಳೆ ಬಿತ್ತು, ನಾನು ಬಸ್ ಹತ್ತಿದೆ. ಕಟ್ಟಿಸಂಗಾವಿ ಹತ್ತಿರ ಭೀಮಾ ಹೊಳಿ ದಾಟುವಾಗ ಎಂದಿನಂತೆ ಮುಂದಿನ ಸೀಟಿನ ಆಯಿ ಕೈ ಮುಗಿದಳು. ನನಗೆ ಒಂದೇ ವಿಚಾರ. ಬೆಂಗಳೂರಿನವರು ಬೇಡ ಅಂದ್ರ ಅವರಿಗೆ ಆಗಲೇ ಒಂದು ರಸ್ತೆ ಇದೆ, ಕೆಳಗೆ. ಜಾಮ್ ಆಗ್ತದ, ಆದ್ರ ರಸ್ತೆ ಅದ. ನಾವು ಬೇಡ ಅಂದ್ರ?

ಮುತ್ಯಾ ಅದನ್ನೇ ಅಂದ. "ಯವ್ವಾ, ಬಂದ ರೊಕ್ಕಕ್ಕ ಕಾಲಿಲೆ ಒದಿಬ್ಯಾಡ್ರಿ. ಮಾರ್ಚ್ ಮುಗಿದ್ರ ವಾಪಸ್ ಹೋಗ್ತದ. ಮತ್ತ ಇಪ್ಪತ್ತು ವರ್ಷ ಯಾರೂ ಬರಂಗಿಲ್ಲ." ಮುತ್ಯಾ ಸುಮ್ಮನೆ ಅನ್ನಲ್ಲ. ಈಗಿರೋ ಪೂಲು ಕಟ್ಟಿಸಲಿಕ್ಕೆ ಅವನ ಕಾಲದವರು ಎಷ್ಟು ಕಚೇರಿ ಅಲೆದಿದ್ದಾರೆ ಅನ್ನೋದು ಅವನಿಗೇ ಗೊತ್ತು. ಅವನ ಮಾತಿಗೆ ಉತ್ತರ ನನ್ನ ಹತ್ತಿರ ಆಗ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ.

ಆದ್ರೂ ಒಂದು ಅರ್ಜಿ ಹಾಕಿದೆ. ಇದನ್ನ ನೀವೂ ಮಾಡಬಹುದು, ಅದಕ್ಕೇ ಉದ್ದಕ್ಕೆ ಹೇಳ್ತೀನಿ. 2005ರ ಮಾಹಿತಿ ಹಕ್ಕು ಕಾಯ್ದೆ. 10 ರೂಪಾಯಿ ಪೋಸ್ಟಲ್ ಆರ್ಡರ್. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಶಬ್ದ ಮೀರಬಾರದು. ನಾನು ಮೊದಲು ಬರೆದದ್ದು ಎರಡು ಪುಟ. ಕಾಕಾನ ಎತ್ತಿನ ಕತೆ ಎಲ್ಲಾ ಬರೆದಿದ್ದೆ. ಎಲ್ಲಾ ಹೊಡೆದು ಹಾಕಿ ಇಷ್ಟೇ ಉಳಿಸಿದೆ: ಸದರಿ ಕಾಮಗಾರಿಯ ಅಂದಾಜು ಪಟ್ಟಿ, ನಕ್ಷೆ, ಮತ್ತು ನೆರೆ ಮಟ್ಟ ನಿರ್ಧರಿಸಿದ ದಾಖಲೆಯ ಪ್ರತಿ ಕೊಡಿ. ಮೂವತ್ತು ದಿನದೊಳಗೆ ಉತ್ತರ ಬರಬೇಕು. ಬಂತು ಸಹ. ಪುಟಕ್ಕೆ 2 ರೂಪಾಯಿಯಂತೆ 18 ರೂಪಾಯಿ ಕಟ್ಟಿ ಒಂಬತ್ತು ಪುಟ ತಂದೆ. ಇನ್ನೊಂದು ಮಾತು, ಇದು ಭಾಳ ಜನರಿಗೆ ಗೊತ್ತಿಲ್ಲ: ಆ ಕಾಯ್ದೆಯ ಪ್ರಕಾರ ಮಾಹಿತಿ ಅಂದ್ರ ಬರೀ ಕಾಗದ ಅಲ್ಲ. ಸರ್ಕಾರಿ ಕಾಮಗಾರಿಯನ್ನ ಹೋಗಿ ನೋಡೋ ಹಕ್ಕೂ ಇದೆ, ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿ ಕೇಳೋ ಹಕ್ಕೂ ಇದೆ.

ಒಂಬತ್ತು ಪುಟದಲ್ಲಿ ಏನಿತ್ತು? (ನಾಲ್ಕನೇ ಫೋಟೋ. ಹೆಸರು, ಸಹಿ ಎಲ್ಲಾ ಮುಚ್ಚಿದ್ದೀನಿ.) ಮತ್ತೆ ಪೈಪು. ಹಳೆಯದರಲ್ಲಿ 900 ಮಿಲಿಮೀಟರಿನ ಮೂರು. ಹೊಸದರಲ್ಲಿ 1,000 ಮಿಲಿಮೀಟರಿನ ನಾಲ್ಕು. ರಸ್ತೆ ಈಗಿನದಕ್ಕಿಂತ ಒಂದು ಅಡಿ ಎತ್ತರ.

ಅನ್ಯಾಯ ಮಾಡಬಾರದು, ಲೆಕ್ಕ ಹಾಕಿದೆ. ಹಳೇ ಮೂರು ಪೈಪಿನ ಬಾಯಿ ಸೇರಿದರೆ ಸುಮಾರು 1.9 ಚದರ ಮೀಟರ್. ಹೊಸ ನಾಲ್ಕರದು ಸುಮಾರು 3.1. ಒಂದೂವರೆ ಪಟ್ಟಿಗಿಂತ ಹೆಚ್ಚೇ ಆಯ್ತು. ಪೈಪಿನ ಬದಲು ಮೂರು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಕಾಂಕ್ರೀಟ್ ಡಬ್ಬಿ ಎರಡು ಇಟ್ಟರೆ 12 ಚದರ ಮೀಟರ್. ಬಾಕ್ಸ್ ಅಂತಾರಲ್ಲ, ಅದು. ಅದಕ್ಕೂ ಹೆಚ್ಚಿನ ಮಾತು ಏನಂದ್ರ, ಒಂದು ಮೀಟರ್ ಬಾಯಿಗೆ ತೊಗರಿ ಕಟಗಿ ಹೊರೆ ಬಂದು ಅಡ್ಡ ನಿಂತರೆ ನಾಲ್ಕು ಪೈಪಾದರೂ ಅಷ್ಟೇ, ಹತ್ತಾದರೂ ಅಷ್ಟೇ. ಇದನ್ನ ನಾನಲ್ಲ, ಕಾಕಾ ಹೇಳಿದ್ದು. ಅವನು ಓದಿದ್ದು ನಾಲ್ಕನೇ ಇಯತ್ತೆ.

ಆಮೇಲೆ ಏಳನೇ ಪುಟ. ಅತಿ ಹೆಚ್ಚು ನೆರೆ ಮಟ್ಟ ಅನ್ನೋ ಕಾಲಂ ಮುಂದೆ ಒಂದು ಅಂಕಿ, ಪಕ್ಕದಲ್ಲಿ "ಸ್ಥಳೀಯ ವಿಚಾರಣೆಯಂತೆ" ಅಂತ ಬರೆದಿತ್ತು. ಇಂಥ ಸಣ್ಣ ಹಳ್ಳಕ್ಕೆ ನೀರು ಅಳೆಯೋ ಮಾಪಕ ಯಾರೂ ಇಟ್ಟಿರಲ್ಲ. ಊರಿನ ಹಿರಿಯರನ್ನ ಕೇಳಿ ಬರಕೊಳ್ಳೋದೇ ರೂಢಿ, ಅದರಲ್ಲಿ ತಪ್ಪಿಲ್ಲ. ಸ್ಥಳೀಯರು ಅಂದ್ರ ಯಾರು? ಮುತ್ಯಾನ್ನ ಕೇಳಿಲ್ಲ. ಹೊಲ ಅಲ್ಲೇ ಇರೋ ಕಾಕಾನ್ನ ಕೇಳಿಲ್ಲ. ಗುಡಿಯ ಪೂಜಾರಿಯನ್ನ ಕೇಳಿಲ್ಲ. ಬೆಂಗಳೂರಿಗೆ 299 ಇಮೇಲಾದರೂ ಇತ್ತು.

ಐದನೇ ಫೋಟೋ ನನಗೆ ಎಲ್ಲಕ್ಕಿಂತ ಇಷ್ಟದ್ದು. ಕೈಯಲ್ಲಿ ಪಾರದರ್ಶಕ ಪೈಪ್ ಹಿಡಿದು ನಿಂತವರು ನಮ್ಮೂರಿನ ಗೌಂಡಿ ಮಾಮಾ. ಮನೆ ಕಟ್ಟುವಾಗ ಮಟ್ಟ ನೋಡಲಿಕ್ಕೆ ನೀರು ತುಂಬಿದ ಪೈಪ್ ಹಿಡೀತಾರಲ್ಲ, ಅದೇ. ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ತದ, ಅದಕ್ಕೆ ಬ್ಯಾಟರಿ ಬ್ಯಾಡ, ಸಾಹೇಬರೂ ಬ್ಯಾಡ. ಗುಡಿ ಗೋಡೆಯ ಗೆರೆಯಿಂದ ಹಿಡಿದು, ಗೂಟ ಗೂಟ ದಾಟಿಸಿ, ಪೂಲಿನತನಕ ತಂದರು. ನಾನು, ನನ್ನ ತಂಗಿ, ಇನ್ನೂ ನಾಲ್ಕು ಹುಡುಗರು. ಒಂದು ಮುಂಜಾನೆ ಪೂರ್ತಿ ಬೇಕಾಯ್ತು. ಗೆರೆ ಈಗಿನ ರಸ್ತೆಗಿಂತ ನಾಲ್ಕೂವರೆ ಅಡಿ ಮೇಲೆ ಇತ್ತು. ಹೊಸ ರಸ್ತೆ ಒಂದು ಅಡಿ ಎತ್ತರ ಆದರೂ ಅಂಥ ಮಳೆಗೆ ಮೂರೂವರೆ ಅಡಿ ನೀರು ಅದರ ಮೇಲೆ. ಮಾಮಾ ಮಾತು ಕಮ್ಮಿ. ಪೈಪ್ ಸುತ್ತಿ ಹೆಗಲಿಗೆ ಹಾಕ್ಕೊಂಡು, "ಎತ್ತು ಈಗೂ ಹೋಗ್ತದ," ಅಂದು ಹೊಂಟರು.

ಗ್ರಾಮಸಭೆಯಲ್ಲಿ ಈ ಲೆಕ್ಕ ಇಟ್ಟೆವು. ಅರವತ್ತು ಸಹಿ, ಕೆಲವು ಹೆಬ್ಬೆಟ್ಟು. ಬೇಡ ಅಂತ ಬರೆಯಲಿಲ್ಲ. ಬೇಕು, ಆದರೆ ನೆರೆ ಮಟ್ಟ ನಮ್ಮ ಮುಂದೆ ಮತ್ತೊಮ್ಮೆ ಅಳೆದು, ಪೈಪಿನ ಬದಲು ಬಾಕ್ಸ್ ಹಾಕಿ ಬೇಕು ಅಂತ ಬರೆದೆವು. ಬೇಡ ಅನ್ನೋ ಶಬ್ದಕ್ಕೆ ನಮ್ಮ ಕಡೆ ಭಾಳ ಬೆಲೆ ಕಟ್ಟಬೇಕಾಗ್ತದ.

ಅಧಿಕಾರಿ ಒಬ್ಬರು ಬಂದು ನೋಡಿದರು. ಸಿಟ್ಟು ಮಾಡಲಿಲ್ಲ, ಒಳ್ಳೆಯ ಮಾತೇ ಆಡಿದರು. "ವರ್ಷಕ್ಕೆ ಎರಡು ಮೂರು ದಿನ ನೀರು ಬರ್ತದ. ಆ ಎರಡು ದಿನಕ್ಕಾಗಿ ಅಷ್ಟು ರೊಕ್ಕ ಯಾಕ? ಮುಳುಗಿ ಏಳೋ ಪೂಲುಗಳನ್ನೂ ಕಟ್ಟೇ ಕಟ್ತಾರ. ನೀರು ಇಳಿಯೋತನಕ ಕಾಯ್ರಿ." ತಾಂತ್ರಿಕವಾಗಿ ಅವರ ಮಾತು ಸುಳ್ಳಲ್ಲ. ಮಂದಿ ಕಮ್ಮಿ ಇರೋ ರಸ್ತೆಗೆ ತಗ್ಗಿನ ಸೇತುವೆ ಕಟ್ಟೋದು ಎಲ್ಲಾ ಕಡೆ ಇದೆ, ರೊಕ್ಕ ಉಳೀತದ, ಅದು ಇನ್ನೊಂದು ಊರಿನ ರಸ್ತೆಗೆ ಹೋಗ್ತದ. ನನಗೆ ಆ ಹೊತ್ತಿಗೆ ಬಾಯಿ ಕಟ್ಟಿತು. ಹಿಂದಿನಿಂದ ಒಬ್ಬ ಅವ್ವ, ಅವರು ಎಂದೂ ಸಭೆಯಲ್ಲಿ ಮಾತಾಡಿದವರಲ್ಲ, ಕೇಳಿದರು: "ಸಾಹೇಬ್ರ, ನನ್ನ ಸೊಸಿಗಿ ಬ್ಯಾನಿ ಬಂದದ್ದು ಆ ಎರಡು ದಿನದಾಗೇ ರೀ." ಎಲ್ಲರೂ ಸುಮ್ಮನಾದರು. ಅಧಿಕಾರಿಯೂ ತಲೆ ತಗ್ಗಿಸಿ ಪುಸ್ತಕದಲ್ಲಿ ಏನೋ ಬರಕೊಂಡರು.

ಪರಿಷ್ಕೃತ ಅಂದಾಜು ಕಳಿಸ್ತೀವಿ, ಆದರೆ ಈ ವರ್ಷದ ರೊಕ್ಕ ಸಾಲಲ್ಲ, ಮುಂದಿನ ವರ್ಷಕ್ಕೆ ಹೋಗಬಹುದು, ಗ್ಯಾರಂಟಿ ಕೊಡಲಿಕ್ಕಾಗಲ್ಲ ಅಂದರು. ಮುತ್ಯಾ ಹೇಳಿದ್ದು ಅದೇ ತಾನೆ. ಅವತ್ತಿನಿಂದ ಊರು ಎರಡಾಗಿದೆ. ಸಹಿ ಮಾಡಿದ ಅರವತ್ತರಲ್ಲಿ ಒಂಬತ್ತು ಜನ ವಾಪಸ್ ತಗೊಂಡರು. ಹೋಟೆಲಿನಲ್ಲಿ ಕಾಕಾ ಕೂತರೆ ಕೆಲವರು ಎದ್ದು ಹೋಗ್ತಾರ. "ಕಾಲೇಜ್ ಹುಡುಗಿ ಮಾತು ಕೇಳಿ ಊರಿಗೆ ಬಂದ ಪೂಲು ಕಳದ್ರು," ಅನ್ನೋದು ನನ್ನ ಕಿವಿಗೂ ಬಿದ್ದಿದೆ. ಮಳೆಗಾಲ ಮತ್ತೆ ಬಂದು ಹಳೇ ಪೂಲಿನ ಮೇಲೆ ಏನಾದರೂ ಆದರೆ ಆ ಮಾತು ನನ್ನ ಮೇಲೆ ಬರ್ತದ ಅಂತ ಗೊತ್ತು. ರಾತ್ರಿ ಅದನ್ನ ನೆನೆಸಿಕೊಂಡು ಎಚ್ಚರ ಇರ್ತೀನಿ, ಖರೇ ಹೇಳ್ತೀನಿ.

ಹಂಗೆ ಎಚ್ಚರ ಇದ್ದಾಗ ಓದಿದ್ದು ಎರಡು ಸುದ್ದಿ. ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ, 1983ರದ್ದು, 2024ರ ಆಗಸ್ಟ್ 7ರ ನಡುರಾತ್ರಿ ಕುಸಿಯಿತು. ಪಕ್ಕದಲ್ಲಿ ಹೊಸ ಸೇತುವೆ ಇದ್ದರೂ ಒಂದು ದಿಕ್ಕಿನ ವಾಹನಗಳನ್ನ ಹಳೆಯದರ ಮೇಲೇ ಬಿಡ್ತಿದ್ದರು. ಲಾರಿ ನದಿಗೆ ಬಿತ್ತು, ಚಾಲಕ ಬದುಕಿ ಬಂದ. ಗುಜರಾತಿನ ಗಂಭೀರಾ ಸೇತುವೆಯಲ್ಲಿ ಅಷ್ಟು ಅದೃಷ್ಟ ಇರಲಿಲ್ಲ. 1985ರ ಸೇತುವೆ, 2025ರ ಜುಲೈ 9ಕ್ಕೆ ಮುರಿದು 20ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿನ ಜಿಲ್ಲಾ ಪಂಚಾಯ್ತಿ ಸದಸ್ಯರೊಬ್ಬರು 2022ರಲ್ಲೇ ಇದು ಅಪಾಯ ಅಂತ ಪತ್ರ ಬರೆದಿದ್ದರು. ಹೊಸ ಸೇತುವೆಗೆ ಮಂಜೂರಾತಿಯೂ ಆಗಿತ್ತು. ಕಟ್ಟೋದಷ್ಟೇ ಬಾಕಿ ಇತ್ತು.

ಇದನ್ನ ಮುತ್ಯಾಗೆ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದ. "ಹಂಗಾದ್ರ ಇಬ್ಬರದೂ ಖರೇ ಅದ. ನಂದೂ, ನಿಂದೂ," ಅಂದ. ಮರುದಿನ ತಾನೇ ಹುಡುಗರನ್ನ ಕರಕೊಂಡು ಹೋಗಿ ಮೂರೂ ಪೈಪಿನ ಬಾಯಿಂದ ಕಂಟಿ ತೆಗೆಸಿದ. ಪೂಲಿನ ಎರಡೂ ಬದಿಗೆ ಕಲ್ಲು ನಿಲ್ಲಿಸಿ ಕೆಂಪು ಬಣ್ಣ ಹಚ್ಚಿಸಿದ. ಕಲ್ಲು ಮುಳುಗಿದರೆ ದಾಟಬಾರದು ಅಂತ ಲೆಕ್ಕ. ಆರನೇ ಫೋಟೋದಾಗ ಧೋತರ ಎತ್ತಿ ಕಟ್ಟಿ ಹಳ್ಳದಾಗ ನಿಂತಿರೋದು ಅವನೇ.

ಪರಿಷ್ಕೃತ ಅಂದಾಜು ಎಲ್ಲಿತನಕ ಬಂತು ಅಂತ ಕೇಳಿ ಈ ವಾರ ಇನ್ನೊಂದು ಅರ್ಜಿ ಹಾಕಿದ್ದೀನಿ. ಮತ್ತೆ 10 ರೂಪಾಯಿ. ಈ ಸಲ ನಲವತ್ತು ಶಬ್ದದಲ್ಲಿ ಮುಗಿಸಿದೆ.

ನಿಮ್ಮೂರಿನಾಗೂ ಹಿಂಗ ಗುರುತು ಇರ್ತಾವ, ಗೋಡೆ ಮೇಲೆ, ಬೇವಿನ ಗಿಡದ ಬೊಡ್ಡೆ ಮೇಲೆ, ಸಾಲಿಯ ಕಿಟಕಿ ಕೆಳಗೆ. ಈ ವಾರ ಒಂದು ಫೋಟೋ ತಗೊಂಡು ಇಡ್ರಿ. ಪಕ್ಕದಲ್ಲಿ ಒಬ್ಬರನ್ನ ನಿಲ್ಲಿಸಿ ತಗೊಳ್ರಿ, ಎತ್ತರ ತಿಳೀಬೇಕು. ಯಾಕ ಈ ವಾರ ಅಂದ್ರ, ಗುಡಿಯ ಕಮಿಟಿಯವರು ಈ ಸಲ ಪಟ್ಟಿ ಎತ್ತಿದ್ದಾರೆ. ಜಾತ್ರೆಯೊಳಗೆ ಹಿಂದಿನ ಗೋಡೆಗೂ ಟೈಲ್ಸ್ ಬೀಳ್ತದ. ಬ್ಯಾಡ ಅನ್ನಲಿಕ್ಕೆ ಹೋಗಲಿಲ್ಲ, ದೇವರ ಕೆಲಸ. ಗೌಂಡಿ ಮಾಮಾನೇ ಟೈಲ್ಸ್ ಹಾಕೋರು. ಗೆರೆ ಇರೋ ಮಟ್ಟಕ್ಕೆ ಒಂದು ಸಾಲು ಬೇರೆ ಬಣ್ಣದ್ದು ಹಾಕ್ತೀನಿ ಅಂದಿದ್ದಾರೆ. ನನ್ನ ತಂಗಿ ಅದಕ್ಕೂ ನಂಬಿಲ್ಲ. ಮೊಳೆಯಿಂದ ಗೋಡೆ ಮೂಲೆಯ ಕಲ್ಲಿಗೆ 2020 ಅಂತ ಕೆತ್ತಿದ್ದಾಳೆ. ಕೊನೇ ಫೋಟೋ ಅದೇ. ಸೊನ್ನೆ ಒಂದು ಸೊಟ್ಟ ಬಂದಿದೆ.